ಹರಕೆ ಇಲ್ಲದೆ ಮೂರು ದಿನ

ಜರ್ಮನಿಯಲ್ಲಿ ಊರಿನ ಹೆಸರಿನ ಮುಂದೆ ‘ಬಾಡ್’ ಎಂದು ಸೇರಿದ್ದರೆ ಅದು ಸ್ನಾನದ ಊರು ಎಂದು ತಿಳಿಯಬೇಕು. ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡಿನ ಅಂಚಿನ ಬಾಡೆನ್-ಬಾಡೆನ್‌ನಲ್ಲಂತೂ ನೆಲದಿಂದಲೇ ಬಿಸಿನೀರು ಉಕ್ಕುತ್ತದೆ. ರೋಮನ್ನರ ಕಾಲದಲ್ಲೇ ಜನ ಅಲ್ಲಿ ಮೀಯುತ್ತಿದ್ದರು. ಕಾಡು ಸುತ್ತಿ, ಸಂಗೀತ ಕೇಳಿ, ನೀರಿನಲ್ಲಿ ಮೈ ನೆನೆಸಿ ಬರುವುದು ಆ ದೇಶದವರಿಗೆ ಒಂದು ಔಷಧ. ಇದಕ್ಕಿಂತಲೂ ನನ್ನ ಮನಸ್ಸಿಗೆ ನಾಟಿದ ಸಂಗತಿ ಇನ್ನೊಂದಿದೆ. 1950ರಲ್ಲಿ ಅಲ್ಲಿನ ರಾಷ್ಟ್ರಾಧ್ಯಕ್ಷರ ಪತ್ನಿ ಎಲ್ಲಿ ಹಾಯ್ಸ್-ಕ್ನಾಪ್ ಎಂಬಾಕೆ ದಣಿದ ತಾಯಂದಿರಿಗಾಗಿಯೇ ಒಂದು ಸಂಸ್ಥೆ ಹುಟ್ಟುಹಾಕಿದರು. ವೈದ್ಯರು ಚೀಟಿ ಬರೆದುಕೊಟ್ಟರೆ ತಾಯಿ ಮೂರು ವಾರ ವಿಶ್ರಾಂತಿಗೃಹಕ್ಕೆ ಹೋಗಬಹುದು. ಖರ್ಚಿನ ಬಹುಪಾಲು ಆರೋಗ್ಯ ವಿಮೆಯದು.

ನನ್ನ ತವರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ದಾರಿ ಹಿಡಿದರೆ ಸ್ವಲ್ಪ ದೂರಕ್ಕೇ ಸಿಗುವ ಊರು. ಅಲ್ಲಿ ಅಡುಗೆಮನೆಯಲ್ಲಿ ಕೂತು ಈ ಸುದ್ದಿ ಹೇಳಿದೆ. ನಮ್ಮತ್ತಿಗೆ ಮುದ್ದೆ ಕೋಲು ಕೆಳಗಿಡದೆ ಕೇಳಿದರು: “ಮೂರು ವಾರ್ವಾ? ಅಲ್ಲೀಗಂಟ ಮನೇಲಿ ಮುದ್ದೆ ಯಾರವ್ವ ತಿರುವೋರು?”

ನಗು ಬಂತು. ಆಮೇಲೆ ಯೋಚನೆ ಬಂತು. ಮೂವತ್ತು ವರ್ಷದಲ್ಲಿ ಅತ್ತಿಗೆ ಮಾದಪ್ಪನ ಬೆಟ್ಟಕ್ಕೆ ಹೋಗದ ವರ್ಷವಿಲ್ಲ. ಆದರೆ ಒಂದು ಸಲ ಮಗನ ಜ್ವರಕ್ಕೆ, ಒಂದು ಸಲ ಹಸು ಈಯಲು ಕಷ್ಟಪಟ್ಟದ್ದಕ್ಕೆ, ಇನ್ನೊಂದು ಸಲ ಮಗಳ ಮದುವೆಗೆ. ಎಲ್ಲವೂ ಸಾಲ ತೀರಿಸುವ ಪ್ರಯಾಣ. ಅರ್ಧ-ಮುಕ್ಕಾಲು ಗಂಟೆಯ ದಾರಿಯ ಭರಚುಕ್ಕಿಯನ್ನು ಅವರು ನೋಡಿಯೇ ಇರಲಿಲ್ಲ. ಯಾಕೆ ಅಂದರೆ, “ಅಲ್ಲಿ ನಾನು ಯಾವ ದೇವ್ರಿಗೂ ಹೊತ್ಕೊಂಡಿರಲಿಲ್ವಲ್ಲ!” ನಮ್ಮಲ್ಲಿ ಎಷ್ಟು ಜನರದು ಇದೇ ಕಥೆ, ನೀವೇ ಹೇಳಿ.

ಮಂಡಿನೋವು ಬೇರೆ. ಹಾಗಾಗಿ ದಸರಾ ಮುಗಿದ ಮೇಲೆ ನಾನೇ ಹಟ ಹಿಡಿದು ಹೊರಡಿಸಿದೆ. ಚಟ್ನಿಪುಡಿ, ಹುಣಸೆ ಗೊಜ್ಜು ಡಬ್ಬಿಗೆ ತುಂಬಿಟ್ಟೆವು. ಮುದ್ದೆ ನಾನೇ ತಿರುವುತ್ತೇನೆ ಎಂದು ಅಣ್ಣ ಒಪ್ಪಿಕೊಂಡ. ಬಸ್ಸಿನ ಖರ್ಚು ಎನ್ನುವ ನೆಪವೂ ಇರಲಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೀಟಿನ ಹಣವಿಲ್ಲವಷ್ಟೆ. ಗುರುತಿನ ಚೀಟಿ ಮಾತ್ರ ಮರೆಯಬೇಡಿ.

ಮೊದಲು ಯಳಂದೂರು. ಅಲ್ಲಿನ ಗೌರೀಶ್ವರ ದೇವಸ್ಥಾನದ ಹೆಬ್ಬಾಗಿಲಿಗೆ ಬಳೆಮಂಟಪ ಅಂತಲೇ ಹೆಸರು. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕಲ್ಲಿನ ಬಳೆಗಳು ಸರಪಣಿಯಾಗಿ ಇಳಿಬಿದ್ದಿವೆ. ಅತ್ತಿಗೆ ತಮ್ಮ ಗಾಜಿನ ಬಳೆ ಸವರಿಕೊಂಡು ಬಹಳ ಹೊತ್ತು ಮೇಲೆ ನೋಡುತ್ತಾ ನಿಂತರು. ಸಂಚಿ ಹೊನ್ನಮ್ಮ ಇದೇ ಯಳಂದೂರಿನವಳು. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) ಅರಮನೆಯಲ್ಲಿ ಎಲೆಅಡಿಕೆ ಸಂಚಿಯ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ ಬರೆದಳು. ಗೃಹಿಣಿ ಹೇಗಿರಬೇಕು ಎಂಬುದನ್ನು ಹೇಳುವ ಕಾವ್ಯ. ಹೆಣ್ಣೆಂದು ಹಳಿಯುವವರನ್ನು ಅದರಲ್ಲೇ ಚೆನ್ನಾಗಿ ಛೇಡಿಸಿದ್ದಾಳೆ. ಇಷ್ಟು ಹೇಳಿದ್ದಕ್ಕೆ ಅತ್ತಿಗೆ, “ಅದ್ರಲ್ಲಿ ನಮಗೆ ರಜಾ ಎಷ್ಟು ದಿನ ಬರ್ದವ್ಳೆ?” ಅಂತ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ದಾರಿಯೇ ಒಂದು ಚಿಕಿತ್ಸೆ. ಬಯಲಿನ ಕುರುಚಲು ಮುಗಿದು ದಟ್ಟ ಕಾಡು ಬರುತ್ತಿದ್ದಂತೆ ಗಾಳಿ ತಣ್ಣಗಾಗುತ್ತದೆ. 1974ರಲ್ಲಿ ವನ್ಯಧಾಮವಾದ ಕಾಡು, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಸಂಜೆಯೊಳಗೆ ಬೆಟ್ಟ ಸೇರಿಕೊಳ್ಳಿ, ಪ್ಲಾಸ್ಟಿಕ್ ಒಯ್ಯಬೇಡಿ. ಇಲ್ಲಿನ ಸೋಲಿಗರಿಗೆ ರಂಗಸ್ವಾಮಿ ದೇವರೂ ಹೌದು, ಭಾವನೂ ಹೌದು. ಅವರ ಮನೆಯ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನಲ್ಲವೆ! ವನ್ಯಧಾಮವಾದಾಗ ಕಾಡಿನೊಳಗಿನ ಪೋಡುಗಳನ್ನು ಬಿಟ್ಟು ಬರಬೇಕಾಯಿತು ಆ ಜನ. 2011ರಲ್ಲಿ ಕಾಡಿನ ಮೇಲಿನ ಅವರ ಹಕ್ಕಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಡಾ. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇರುವುದೂ ಈ ಬೆಟ್ಟದಲ್ಲೇ. ದೇವರ ದರ್ಶನ ಮಾಡಿ, ಗುಡಿಯ ಹಿಂದೆ ಬಿಳಿಕಲ್ಲಿನ ಪ್ರಪಾತದ ಕಡೆ ಕೂತೆವು. ಕೆಳಗೆ ಕೆರೆಗಳು ಕನ್ನಡಿ ಚೂರಿನ ಹಾಗೆ. ಅತ್ತಿಗೆ ಒಂದೇ ಒಂದು ಸಲ, “ಈಗ ಹಾಲು ಕರೆದಿದ್ದಾರೋ ಇಲ್ವೋ” ಅಂದರು. ಆಮೇಲೆ ಅದೂ ಇಲ್ಲ.

ಮರುದಿನ ಭರಚುಕ್ಕಿ. ಕಾವೇರಿ ಅಗಲವಾಗಿ ಹರಡಿಕೊಂಡು ಹತ್ತಾರು ಸೀಳಾಗಿ ಧುಮುಕುತ್ತಾಳೆ. ಇದೇ ಶಿವನಸಮುದ್ರದ ನೀರಿನಿಂದ 1902ರಲ್ಲಿ ವಿದ್ಯುತ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ್ದು. ಜುಲೈಯಿಂದ ಅಕ್ಟೋಬರ್‌ವರೆಗೆ ಬಂದರೆ ನೀರು ತುಂಬಿರುತ್ತದೆ. ಮೇಲಿನಿಂದಲೇ ನೋಡಿ, ಇಳಿಯುವ ಹುಚ್ಚು ಬೇಡ, ಎಷ್ಟೋ ಜೀವ ತೆಗೆದ ಮಡು ಅದು.

ಅಲ್ಲಿಂದ ಕೊಳ್ಳೇಗಾಲಕ್ಕೆ ಬಂದು ಮಾದಪ್ಪನ ಬೆಟ್ಟದ ಬಸ್ಸು ಹತ್ತಿದೆವು. ಆ ಬಸ್ಸು ಹೋಗುವುದು ನಮ್ಮೂರ ಮೇಲೇ! ರಸ್ತೆಗೆ ಕಾಣುವ ನಮ್ಮ ಹೆಂಚಿನ ಮನೆ ಬಂದಾಗ ಅತ್ತಿಗೆ ಸೀಟಿನಿಂದ ಅರ್ಧ ಎದ್ದರು. ಜಗಲಿಯ ಮೇಲೆ ಅಣ್ಣ ಕೂತಿದ್ದ. ಒಣಹಾಕಿದ್ದ ಬಟ್ಟೆ ತೆಗೆದಿರಲಿಲ್ಲ. “ಇಳಿದುಬಿಡ್ಲಾ?” ಅಂದರು. ನಾನು ಸೆರಗು ಹಿಡಿದು ಕೂರಿಸಿದೆ. ಬಸ್ಸು ಕಾಮಗೆರೆ ದಾಟುವ ತನಕ ಮಾತಾಡಲಿಲ್ಲ.

ಹನೂರು, ತಾಳುಬೆಟ್ಟ ದಾಟಿ, ತಿರುವುಗಳನ್ನು ಏರಿ ಬೆಟ್ಟ ಸೇರಿದಾಗ ಸಂಜೆ. ಅಂತರಗಂಗೆಯಲ್ಲಿ ಕಾಲು ತೊಳೆದು ಒಳಗೆ ಹೋದೆವು. ಎಪ್ಪತ್ತೇಳು ಮಲೆಯ ಒಡೆಯನ ಮುಂದೆ ನಿಂತು ಅತ್ತಿಗೆಗೆ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ಕೈಮುಗಿದು, “ಸುಮ್ನೆ ಬಂದಿವ್ನಿ ಕಣಪ್ಪ, ಏನೂ ಕೇಳಾಕಿಲ್ಲ,” ಅಂದರು. ಮಾದಪ್ಪನಿಗೆ ಎಣ್ಣೆಮಜ್ಜನ ಎಂಬ ಸೇವೆಯುಂಟು. ಹೊರಗೆ ಬಂದಮೇಲೆ ಅದನ್ನು ನೆನೆದು, “ದೇವ್ರಿಗೇ ಎಣ್ಣೆ ನೀರು ಬೇಕು, ನಮ್ಮದು ಯಾವ ಲೆಕ್ಕ,” ಅಂತ ಮಂಡಿ ಒತ್ತಿಕೊಂಡರು.

ಮೂರನೆಯ ದಿನ ಬಾಡಿಗೆ ಕಾರಿನಲ್ಲಿ ಗೋಪಿನಾಥಂ ಮೇಲೆ ಹೊಗೇನಕಲ್‌ಗೆ ಹೋದೆವು. ವೀರಪ್ಪನ ಹೆಸರು ಕೇಳಿ ನಾವೆಲ್ಲ ಹೆದರುತ್ತಿದ್ದ ದಾರಿ ಇದು. ಅವನು ಸತ್ತದ್ದು 2004ರಲ್ಲಿ. ಅವನ ಕೈಯಲ್ಲಿ 1991ರಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿ ಗೋಪಿನಾಥಂನಲ್ಲಿದೆ, ಜನ ಅವರನ್ನು ಮರೆತಿಲ್ಲ.

ಹೊಗೆಯ ಹಾಗೆ ನೀರಿನ ತುಂತುರು ಏಳುವ ಕಲ್ಲು, ಅದೇ ಹೊಗೇನಕಲ್. ನದಿಯ ಆಚೆ ದಡ ತಮಿಳುನಾಡು. ನಮ್ಮ ಕಡೆಯ ಬಾಡೆನ್-ಬಾಡೆನ್ ಯಾವುದು ಅಂದರೆ ಇದೇ ಅನ್ನಬೇಕು. ಬಂಡೆಗಳ ಮೇಲೆ ಮೈಗೆ ಎಣ್ಣೆ ಹಾಕಿ ತಟ್ಟಿ, ನೀವಿ, ಬೆರಳಿನ ನೆಟಿಕೆ ತೆಗೆಯುವ ಕಸುಬಿನವರಿದ್ದಾರೆ. ಆಮೇಲೆ ಧಾರೆಗೆ ತಲೆಕೊಟ್ಟು ನಿಂತರೆ ಆಯಿತು. ಆದರೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದವರು ಹೆಚ್ಚುಕಡಿಮೆ ಎಲ್ಲ ಗಂಡಸರೇ. ಪಕ್ಕದಲ್ಲಿ ಅವರ ಬಟ್ಟೆ, ಚೀಲ, ಗಡಿಯಾರ ಹಿಡಿದು ಕೂತ ಹೆಂಗಸರು. ಅತ್ತಿಗೆ ಆ ಸಾಲನ್ನು ನೋಡಿ ಏನೂ ಅನ್ನಲಿಲ್ಲ. ನಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ, ಆಳವಿಲ್ಲದ ಕಡೆ ಮೊಣಕಾಲುದ್ದ ನೀರಿಗೆ ಇಳಿದರು. ಕೊಕ್ಕರೆಯ ಹಾಗೆ ಒಂದೊಂದೇ ಕಾಲೆತ್ತಿ ಹೆಜ್ಜೆ ಹಾಕಿದರು. ತಣ್ಣೀರಿನಲ್ಲಿ ಹೀಗೇ ನಡೆಯಿರಿ ಅಂತ ಹೇಳಿಕೊಟ್ಟು ಹೆಸರಾದವರು ಜರ್ಮನಿಯ ಪಾದ್ರಿ ಸೆಬಾಸ್ಟಿಯನ್ ಕ್ನೈಪ್. ಅವರ ಹೆಸರು ಕೇಳದ ನಮ್ಮತ್ತಿಗೆಗೆ ಅದನ್ನು ಯಾರು ಹೇಳಿಕೊಟ್ಟರೋ!

ರಾತ್ರಿ ಮನೆ ಸೇರಿದಾಗ ಅಣ್ಣನ ಮುದ್ದೆ ಗಂಟುಗಂಟಾಗಿತ್ತು, ತಿಂದೆವು. ಬೆಳಿಗ್ಗೆ ಎದ್ದು ಹಂಡೆಗೆ ಉರಿ ಹಾಕಿದೆ. ಹರಳೆಣ್ಣೆ, ಎಳ್ಳೆಣ್ಣೆ ಸಮಸಮ ಬೆಚ್ಚಗೆ ಮಾಡಿ ಅತ್ತಿಗೆಯ ನೆತ್ತಿಗೆ, ಸೊಂಟಕ್ಕೆ, ಮಂಡಿಗೆ ತಿಕ್ಕಿದೆ. (ಊತ, ಜ್ವರ ಇದ್ದವರು ವೈದ್ಯರನ್ನು ಕೇಳದೆ ತಿಕ್ಕಬೇಡಿ.) ಅರ್ಧ ಗಂಟೆ ಬಿಟ್ಟು ಸೀಗೆಪುಡಿ ಹಾಕಿ ನೀರು ಹುಯ್ದೆ. ಊರಿನ ಎಷ್ಟೋ ಬಾಣಂತಿಯರಿಗೆ ನೀರು ಹಾಕಿದ ಕೈ ಅವರದು. ಅವರ ತಲೆಗೆ ಯಾರಾದರೂ ನೀರು ಹುಯ್ದದ್ದು ಕೊನೆಯ ಬಾಣಂತನದಲ್ಲಂತೆ, ಇಪ್ಪತ್ನಾಲ್ಕು ವರ್ಷದ ಹಿಂದೆ.

“ಬಿಸಿ ಸಾಕಾ ಅತ್ತಿಗೆ?”

ಕಣ್ಣು ಬಿಡಲಿಲ್ಲ. “ಇನ್ನೊಂದು ಚೊಂಬು ಹುಯ್ಯವ್ವ,” ಅಂದರು. ಹಂಡೆ ಬರಿದಾಗುವ ತನಕ ಹುಯ್ದೆ.