ಕಿತ್ತೂರಿನ ದಫ್ತರವನ್ನರಸಿ

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು ನಾವು ಕಿತ್ತೂರಿಗೆ ಬಂದಾಗ ಹೊತ್ತು ಏರಿದ್ದಿತು. ಕೋಟೆಯಲ್ಲಿ ಅರಮನೆಯ ಮುರಿದ ಗೋಡೆಗಳಷ್ಟೇ ನಿಂತಿರುವವು. ಬಳಿಯಲ್ಲಿಯೇ ಸರಕಾರದ ವಸ್ತುಸಂಗ್ರಹಾಲಯವಿದೆ. 1824ನೆಯ ಅಕ್ಟೋಬರ 23ರಂದು ಕಲೆಕ್ಟರ ಥ್ಯಾಕರೆಯು ಇಲ್ಲಿ ಮಡಿದನು. ಅವನ ಸಹಾಯಕರಾದ ಸ್ಟೀವನ್‌ಸನ್ನನೂ ವಾಲ್ಟರ ಎಲಿಯಟ್ಟನೂ ಸೆರೆಸಿಕ್ಕರು. ಕಿತ್ತೂರವರು ಅವರನ್ನು ಕೊಲ್ಲಲಿಲ್ಲ; ಡಿಸೆಂಬರದಲ್ಲಿ ಬಿಟ್ಟುಕೊಟ್ಟರು. ಆದರೂ ಕಂಪನಿಯ ದಂಡು ಕೋಟೆಯನ್ನು ಹಿಡಿಯಿತು. ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು.

ಕೋಟೆ ಕಾದವರ ಕಥೆಯನ್ನು ಲಾವಣಿಕಾರರು ಬಾಯಲ್ಲಿ ಉಳಿಸಿದರು, ಅವರಿಗೆ ಪುಣ್ಯ ಬರಲಿ! ಆದರೆ ಅದನ್ನೇ ಕಾಗದದಲ್ಲಿ ಹುಡುಕಹೋದರೆ ಬಹುಮಟ್ಟಿಗೆ ಎದುರಾಳಿಯ ದಫ್ತರವನ್ನೇ ಬಿಚ್ಚಬೇಕಾಗುವದು. ಥ್ಯಾಕರೆಯ ಕಡೆಯವರು ಬರೆದಿಟ್ಟರು, ಜೋಪಾನವಾಗಿ ಕಟ್ಟಿಟ್ಟರು. ಗೆದ್ದವರ ಕೈಯಲ್ಲಿ ಲೇಖಣಿಯೂ ಇದ್ದಿತು.

ಮರುದಿನ ರಟ್ಟರ ಮೊದಲಿನ ರಾಜಧಾನಿಯಾದ ಸವದತ್ತಿಗೆ ಹೋದೆವು. ಶಾಸನಗಳ ಮಾತು ಬಂದಾಗ ಮತ್ತೆ ಎಲಿಯಟ್ಟನ ಹೆಸರೇ! ಕಿತ್ತೂರಿನ ಆ ಸೆರೆಯಾಳೇ ಮುಂದೆ ಕನ್ನಡ ನಾಡಿನ ಶಿಲಾಶಾಸನಗಳನ್ನು ನಕಲು ಮಾಡಿಸಿ 595 ಪ್ರತಿಗಳನ್ನು ಕೂಡಹಾಕಿದನು. 1837ರಲ್ಲಿ ಅವುಗಳ ಕುರಿತು ಲೇಖವನ್ನೂ ಪ್ರಕಟಿಸಿದನು. ಅವನಿಗೆ ಋಣಿಗಳೆನ್ನಲು ನಾಲಗೆ ತೊಡರಿದರೂ ಋಣವು ಸುಳ್ಳಲ್ಲ.

ರಾಮದುರ್ಗದಲ್ಲಿ ನಾವು ಇಳಿದುಕೊಂಡುದು ಹಿಂದೆ ಕುಲಕರ್ಣಿಕೆ ನಡೆಸಿದವರ ಮನೆಯಲ್ಲಿ. ಊಟವಾದ ಮೇಲೆ ಯಜಮಾನರು, “ನಮ್ಮ ಅಟ್ಟದ ಮೇಲೆಯೂ ಮೋಡಿ ಕಾಗದದ ಗಂಟೊಂದು ಅದೆ, ಓದುವವರು ಯಾರೂ ಇಲ್ಲ ನೋಡ್ರಿ” ಎಂದರು. ಇಳಿಸಿ ಬಿಚ್ಚಿದೆವು. ಮೇಲಿನ ಹಾಳೆಗಳನ್ನು ಗೆದ್ದಲು ತಿಂದಿದ್ದಿತು. ಒಳಗಿನವುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಕುಳಿತಾಗ ಬೆಳಗಾಯಿತು.