ಬಾಲವಿಲ್ಲದ ಬೆಕ್ಕು

ಭೀಮನಬೀಡಿನಲ್ಲಿ ನನ್ನ ಅಭ್ಯಾಸ ಬೋಧನೆಯ ಏಳನೇ ಪಾಠ, 9ನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’. ಅಂದು ವೀಕ್ಷಣೆಗೆ ಕಾಲೇಜಿನಿಂದ ಉಪನ್ಯಾಸಕರು ಬರುವವರಿದ್ದರು. ಪೀಠಿಕೆ ಆಕರ್ಷಕವಾಗಿರಲಿ ಎಂದು ಪಠ್ಯಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ಪಾಠಯೋಜನೆಗೆ ಸೇರಿಸಿದ್ದೆ: ಬೆನ್ನು ಕೆಳಗಾಗಿ ಬಿದ್ದ ಬೆಕ್ಕು ನೆಲ ಮುಟ್ಟುವಷ್ಟರಲ್ಲಿ ಕಾಲು ಕೆಳಗೆ ಮಾಡಿಕೊಳ್ಳುವುದು ಹೇಗೆ? ನಿರೀಕ್ಷಿತ ಉತ್ತರದ ಕಾಲಂನಲ್ಲಿ ‘ಬಾಲವನ್ನು ತಿರುಗಿಸುವುದರಿಂದ’ ಎಂದು ಬರೆದಿದ್ದೆ. ಎಲ್ಲಿ ಓದಿದ್ದೆನೋ ನೆನಪಿಲ್ಲ. ಯಾರೋ ಹೇಳಿದ್ದನ್ನು ನಂಬಿದ್ದೆ, ಅಷ್ಟೆ.

ಪ್ರಶ್ನೆ ಕೇಳಿದೆ, ಉತ್ತರವೂ ನಾನು ಬಯಸಿದಂತೆಯೇ ಬಂತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ನಮ್ಮಟ್ಟಿ ಬೆಕ್ಕುಗ ಬಾಲನೇ ಇಲ್ಲ. ನಾಯಿ ಕಚ್ಬುಡ್ತು. ಆದ್ರೂವ ಅದು ಕಾಲ್ ಮ್ಯಾಲೇ ಬೀಳ್ತದ.”

ತರಗತಿ ಗೊಳ್ಳೆಂದು ನಕ್ಕಿತು. ಕೊನೆಯ ಸಾಲಿನಲ್ಲಿ ಉಪನ್ಯಾಸಕರು ಪೆನ್ನು ಹಿಡಿದು ಕುಳಿತಿದ್ದರು. ಪೀಠಿಕೆಗೆ ನಾನಿಟ್ಟಿದ್ದು ಐದೇ ನಿಮಿಷ. “ಅದೆಲ್ಲ ಆಮೇಲೆ, ಕೂತ್ಕೊಳ್ಳಪ್ಪ” ಎಂದು ಪಾಠ ಮುಂದುವರಿಸಿದೆ. ವೀಕ್ಷಣಾ ನಮೂನೆಯಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂಬ ಷರಾ ಸಿಕ್ಕಿತು. ಹುಡುಗ ಮಾತ್ರ ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಸಂಜೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಿದಾಗ, ಅವನು ಹೇಳಿದ್ದು ಒಂದು ಪ್ರಯೋಗದ ಫಲಿತಾಂಶ ಎಂದು ಹೊಳೆಯಿತು. ಬಾಲ ತೆಗೆದರೂ ಬೆಕ್ಕು ತಿರುಗುತ್ತದೆ ಎಂದರೆ ಕಾರಣ ಬೇರೆ ಇರಬೇಕು. ಆ ವಾರವೆಲ್ಲ ಅದನ್ನೇ ಹುಡುಕಿ ಓದಿದೆ.

ತೊಡಕು ನಿಜಕ್ಕೂ ದೊಡ್ಡದೇ. ನಾವು ನಿಂತಲ್ಲೇ ತಿರುಗಬೇಕಾದರೆ ಪಾದದಿಂದ ನೆಲವನ್ನು ಒತ್ತುತ್ತೇವೆ. ಗಾಳಿಯಲ್ಲಿರುವ ಬೆಕ್ಕಿಗೆ ಒತ್ತಲು ಏನೂ ಇಲ್ಲ. ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆಯೇ ಹೊರತು ತಿರುಚುವುದಿಲ್ಲ. ಹಾಗಾಗಿ ಮೈಯ ಒಂದು ಭಾಗ ಬಲಕ್ಕೆ ತಿರುಗಿದರೆ ಇನ್ನೊಂದು ಭಾಗ ಎಡಕ್ಕೆ ತಿರುಗಲೇಬೇಕು. ಲೆಕ್ಕ ಸೊನ್ನೆಯಿಂದ ಶುರುವಾಗಿ ಸೊನ್ನೆಯಲ್ಲೇ ಉಳಿಯುತ್ತದೆ. ಆದರೂ ಬೆಕ್ಕು ಪೂರ್ತಿ ಮಗುಚಿಕೊಂಡಿರುತ್ತದೆ! ಹಿಡಿದವರ ಕೈಯನ್ನೇ ಒದ್ದು ಅದು ತಿರುಗುತ್ತದೆ ಎಂದು ವಿದ್ವಾಂಸರೂ ಭಾವಿಸಿದ್ದ ಕಾಲವಿತ್ತು. 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮರೇ ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ತೋರಿಸಿದರು. ಕೈ ಬಿಟ್ಟ ಕ್ಷಣದಲ್ಲಿ ಬೆಕ್ಕು ತಿರುಗುತ್ತಲೇ ಇರಲಿಲ್ಲ. ತಿರುಗಲು ಶುರು ಮಾಡಿದ್ದು ಆಮೇಲೆ, ಗಾಳಿಯಲ್ಲಿ.

ಗುಟ್ಟು ಇರುವುದು ಸೊಂಟದಲ್ಲಿ. ಬೆಕ್ಕು ನಡು ಬಾಗಿಸಿ ಮೈಯನ್ನು ಎರಡು ಪಾಲು ಮಾಡಿಕೊಳ್ಳುತ್ತದೆ. ಮೊದಲು ಮುಂಗಾಲು ಮುದುಡಿ, ಹಿಂಗಾಲು ಚಾಚುತ್ತದೆ. ಮುದುಡಿದ್ದು ಸುಲಭವಾಗಿ ತಿರುಗುತ್ತದೆ, ಚಾಚಿದ್ದು ತಿರುಗಲು ಹಟ ಮಾಡುತ್ತದೆ. ಆದ್ದರಿಂದ ಮುಂಭಾಗ ಬಹಳಷ್ಟು ತಿರುಗಿದರೂ ಹಿಂಭಾಗ ಹಿಮ್ಮುಖವಾಗಿ ಸ್ವಲ್ಪವೇ ತಿರುಗುತ್ತದೆ. ಆಮೇಲೆ ಅದಲುಬದಲು: ಮುಂಗಾಲು ಚಾಚಿ, ಹಿಂಗಾಲು ಮುದುಡಿ, ಹಿಂಭಾಗವನ್ನು ತಿರುಗಿಸಿಕೊಳ್ಳುತ್ತದೆ. 1969ರಲ್ಲಿ ಕೇನ್ ಮತ್ತು ಶೇರ್ ಎಂಬ ಇಬ್ಬರು ಇದರ ಗಣಿತವನ್ನು ಬಾಲವೇ ಇಲ್ಲದ ಮಾದರಿಯೊಂದರಿಂದ ಬಿಡಿಸಿದರು. ಹುಡುಗನ ಹಟ್ಟಿಯ ಬೆಕ್ಕಿನಂಥದ್ದೇ ಮಾದರಿ! ಬಾಲ ಒಂದಿಷ್ಟು ನೆರವಾಗಬಹುದು, ಅನಿವಾರ್ಯವಂತೂ ಅಲ್ಲ.

ಮುಂದಿನ ಸೋಮವಾರ ತರಗತಿಗೆ ಹೋದವಳೇ, “ಆವತ್ತು ನಾನು ಹೇಳಿದ್ದು ತಪ್ಪು. ಅವನು ಹೇಳಿದ್ದು ಸರಿ” ಎಂದೆ. ಹೇಳುವ ಮುಂಚೆ ಅಳುಕಿತ್ತು. ಒಮ್ಮೆ ತಪ್ಪು ಒಪ್ಪಿಕೊಂಡರೆ ಮಕ್ಕಳು ಆಮೇಲೆ ಮಾತು ಕೇಳುವುದಿಲ್ಲ ಎಂದು ಸಹಪಾಠಿಗಳು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ. ಆದದ್ದು ಬೇರೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪರಚಿದ ಕೈ ತೋರಿಸಿದಳು. ಪಾಠ ಕೇಳಿ ಮನೆಯ ಬೆಕ್ಕಿನ ಮರಿಯನ್ನು ಎತ್ತಿ ಬಿಡಲು ಹೋಗಿದ್ದಳಂತೆ. ಪ್ರಶ್ನೆ ಬರೆಯುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ. ಈ ವಿದ್ಯೆ ಮರಿಗೆ ಮೂರು ನಾಲ್ಕು ವಾರ ತುಂಬುವಾಗ ಶುರುವಾಗಿ ಆರೇಳು ವಾರಕ್ಕೆ ಗಟ್ಟಿಯಾಗುತ್ತದೆ, ಯಾವ ಬೆಕ್ಕನ್ನೂ ಬೀಳಿಸಿ ನೋಡಬಾರದು ಎಂದು ಹೇಳಿ, ಪ್ರಯೋಗವನ್ನು ನಮ್ಮ ಮೇಲೇ ಮಾಡೋಣ ಎಂದೆ.

ಆಫೀಸಿನಿಂದ ತಿರುಗುವ ಕುರ್ಚಿಯನ್ನು ಬೇಡಿ ತಂದಿದ್ದೆ. ಬಾಲವಿಲ್ಲದ ಬೆಕ್ಕಿನ ಯಜಮಾನನನ್ನೇ ಕೂರಿಸಿದೆ. ಎರಡು ಕೈಗೂ ನೀರು ತುಂಬಿದ ಬಾಟಲಿ, ಕಾಲು ಮೇಲಕ್ಕೆ. ಕೈಗಳನ್ನು ಚಾಚಿ ಎರಡನ್ನೂ ಎಡಕ್ಕೆ ಬೀಸಿದ. ಕುರ್ಚಿ ಬಲಕ್ಕೆ ಸರಿಯಿತು. ಬಾಟಲಿಗಳನ್ನು ಎದೆಗೆ ಎಳೆದುಕೊಂಡು ಬಲಕ್ಕೆ ತಂದ. ಕುರ್ಚಿ ಹಿಂದಕ್ಕೆ ಬಂತು, ಆದರೆ ಹೋದಷ್ಟು ಬರಲಿಲ್ಲ. ಮತ್ತೆ ಚಾಚಿದ, ಬೀಸಿದ, ಎಳೆದುಕೊಂಡ. ಕಿಟಕಿಯತ್ತ ಮುಖ ಮಾಡಿದ್ದವನು ಹಾಗೇ ಕಪ್ಪುಹಲಗೆಯತ್ತ ತಿರುಗಿಬಿಟ್ಟ. ಯಾರೂ ಅವನನ್ನು ಮುಟ್ಟಿರಲಿಲ್ಲ.

“ಕುರ್ಚಿ ಕೆಳಗ ಉಜ್ಜತದಲ್ಲ ಮಿಸ್, ಅದ್ರಿಂದ್ಲೂ ತಿರುಗಿರಬೌದು” ಎಂದಳು ಪರಚಿದ ಕೈಯವಳು. ಘರ್ಷಣೆಯ ಮಾತು! ಈ ಸಲ ನಾನು “ಆಮೇಲೆ” ಎನ್ನಲಿಲ್ಲ. ಹೋಗುವಾಗಲೂ ಬರುವಾಗಲೂ ಕೈ ಚಾಚಿಯೇ ಇರಲಿ, ಒಂದೇ ವೇಗದಲ್ಲಿ ಬೀಸಲಿ, ನೋಡೋಣ ಎಂದೆ. ಹಾಗೆ ಮಾಡಿದಾಗ ಕುರ್ಚಿ ಹೋಗಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂತು. ಘರ್ಷಣೆ ಇರುವುದು ಹೌದು, ಆದರೆ ಕೆಲಸ ಮಾಡಿದ್ದು ಚಾಚುವುದು, ಮುದುಡುವುದು ಎಂದು ಅವಳೇ ಒಪ್ಪಿದಳು. ಕೋನೀಯ ಸಂವೇಗ ಎಂಬ ಹೆಸರನ್ನು ನಾನು ಬರೆಯಲಿಲ್ಲ. ಅದು ಪಿಯುಸಿಯಲ್ಲಿ ಬರುತ್ತದೆ, ಬರಲಿ.

ಹಾಗಾದರೆ ಬಾಲವನ್ನೇ ನಂಬಿದ ಪ್ರಾಣಿಗಳಿಲ್ಲವೆ? ಇವೆ, ನಮ್ಮ ಗೋಡೆಯ ಮೇಲೆಯೇ. ಹಲ್ಲಿಗೆ ಬೆಕ್ಕಿನಷ್ಟು ಬಳುಕುವ ನಡು ಇಲ್ಲ. ಬೆನ್ನಡಿಯಾಗಿ ಬಿದ್ದಾಗ ಬಾಲವನ್ನು ಒಂದು ಕಡೆ ತಿರುಗಿಸಿ ಮೈಯನ್ನು ಇನ್ನೊಂದು ಕಡೆ ಹೊರಳಿಸಿಕೊಳ್ಳುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು ಎಂದು ಅಮೆರಿಕದ ಬರ್ಕ್ಲಿಯ ಸಂಶೋಧಕರು 2008ರಲ್ಲಿ ತೋರಿಸಿದರು. ಅವರೇ 2012ರಲ್ಲಿ, ನಮ್ಮ ಬಂಡೆಗಳ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ ಆಫ್ರಿಕದ ಓತಿಯನ್ನು ಜಾರುವ ಹಲಗೆಯಿಂದ ನೆಗೆಯಿಸಿ ನೋಡಿದರು. ಕಾಲು ಜಾರಿ ಮೂತಿ ಕೆಳಗಾಗುವಾಗ ಅದು ಬಾಲವನ್ನು ಮೇಲಕ್ಕೆತ್ತುತ್ತದೆ, ಮೂತಿ ಮೇಲೇಳುತ್ತದೆ. ಇಷ್ಟನ್ನು ಕೋಲಿಗೆ ಹಗ್ಗ ಕಟ್ಟಿ ತೋರಿಸಲು ಹೋಗಿ ಸೋತೆ. ಕೊನೆಗೆ ಚಿತ್ರ ಬರೆದೆ.

ಬೆಲ್ ಆಗುವಾಗ ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು.

“ಮಿಸ್, ಅಂಗಾರ ಮುಶ್ಯಗ ಅಷ್ಟುದ್ದ ಬಾಲ ಯಾಕ? ಅದ್ಕೂ ನಡ ಬಗ್ತದಲ್ಲ?”

ಎಂಟನೇ ಪಾಠಯೋಜನೆಯ ಪೀಠಿಕೆಯಲ್ಲಿ ಆ ಪ್ರಶ್ನೆಯನ್ನು ಅವನ ಮಾತಿನಲ್ಲೇ ಬರೆದುಕೊಂಡೆ. ನಿರೀಕ್ಷಿತ ಉತ್ತರದ ಕಾಲಂ ಅನ್ನು ಹಾಗೇ ಖಾಲಿ ಬಿಟ್ಟೆ.