ಹಿಮದ ನಾಡಿನಲ್ಲಿ ಕಾವ್ಯಾದರ್ಶ

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ವಿಸ್ತಾರ 13,800 ಚದರ ಕಿಲೋಮೀಟರುಗಳಿಗೂ ಮಿಗಿಲು. 2011ರ ಜನಗಣತಿಯಲ್ಲಿ ಅಲ್ಲಿದ್ದ ಜನರು ಮಾತ್ರ 31,564. ನಮ್ಮ ಎಷ್ಟೋ ತಾಲ್ಲೂಕು ಪಟ್ಟಣಗಳಲ್ಲಿ ಇದಕ್ಕಿಂತ ಹೆಚ್ಚು ಜನರುಂಟು. ಆ ಜಿಲ್ಲೆಯ ಸ್ಪಿತಿ ಕಣಿವೆಯಲ್ಲಿ 2023ರ ಜನವರಿಯ ಹನ್ನೆರಡು ದಿನಗಳನ್ನು ಕಳೆಯುವ ಯೋಗ ನನಗೆ ಒದಗಿತು. ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಆಗ ಅಲ್ಲಿ ರಸ್ತೆಯ ಕೆಲಸದ ಇಂಜಿನಿಯರನಾಗಿದ್ದನು. “ಗುರುಗಳೆ, ಬೇಸಗೆಯಲ್ಲಿ ಎಲ್ಲರೂ ಬರುತ್ತಾರೆ. ತಾವು ಚಳಿಗಾಲದಲ್ಲಿ ದಯಮಾಡಿಸಬೇಕು, ಇಲ್ಲಿಯ ಭಿಕ್ಷುಗಳು ಓದುವುದು ಆಗಲೇ” ಎಂದು ಬರೆದಿದ್ದನು. ಆ ಕಡೆಯ ಮಾತೇ ನನ್ನನ್ನು ಸೆಳೆಯಿತು.

ಮಾಗಿಯಲ್ಲಿ ಕುಂಜುಮ್ ಘಟ್ಟವು ಹಿಮದಿಂದ ಮುಚ್ಚಿಹೋಗುವುದರಿಂದ ಮನಾಲಿಯ ಕಡೆಯಿಂದ ಸ್ಪಿತಿಗೆ ದಾರಿಯಿಲ್ಲ. ಶಿಮ್ಲಾದಿಂದ ಕಿನ್ನೌರಿನ ಮೂಲಕ, ನಮ್ಮ ಪುರಾಣಗಳು ಶತದ್ರುವೆಂದು ಕರೆದ ಸಟ್ಲೆಜ್ ನದಿಯ ದಂಡೆ ಹಿಡಿದು ಹೋಗಬೇಕು. ಪ್ರಯಾಣದ ಆಯಾಸವನ್ನು ವರ್ಣಿಸಿ ವಾಚಕರನ್ನು ದಣಿಸಲಾರೆ. ಮೂರು ಸಾವಿರ ಮೀಟರುಗಳಿಗೂ ಎತ್ತರದ ತಾಬೊ ಗ್ರಾಮದಲ್ಲಿ ಇಳಿದಾಗ ಕೊಳಾಯಿಗಳಲ್ಲಿ ನೀರು ಕಲ್ಲಾಗಿತ್ತು. ಮನೆಯವರೆಲ್ಲರೂ ಕಬ್ಬಿಣದ ಒಲೆಯಿರುವ ಒಂದೇ ಕೋಣೆಯಲ್ಲಿ ಉಂಡು, ಮಲಗಿ, ಚಳಿಗಾಲ ನೂಕುತ್ತಾರೆ. ಬೆಣ್ಣೆ, ಉಪ್ಪು ಬೆರೆಸಿದ ಚಹಾ ಮೊದಲ ದಿನ ನಾಲಗೆಗೆ ಹಿಡಿಸಲಿಲ್ಲ. ಮೂರನೆಯ ದಿನ ನಾನೇ ಕೇಳಿ ಪಡೆದೆ.

ತಾಬೊ ವಿಹಾರದ ಮಣ್ಣಿನ ಗೋಡೆಗಳು 996ರಲ್ಲಿ ಎದ್ದವು. ಕಟ್ಟಿದ 46 ವರ್ಷಗಳ ಬಳಿಕ ಜೀರ್ಣೋದ್ಧಾರವಾದ ಸಂಗತಿ ಒಳಗಿನ ಗೋಡೆಬರಹದಲ್ಲಿಯೇ ಇದೆ. 1975ರ ಭೂಕಂಪದ ಪೆಟ್ಟನ್ನೂ ತಿಂದು ಅವು ನಿಂತಿವೆ. ಕೈದೀಪದ ಬೆಳಕಿನಲ್ಲಿ ಮೂವತ್ತಕ್ಕೂ ಹೆಚ್ಚು ಮೃಣ್ಮೂರ್ತಿಗಳು ಗೋಡೆಯಿಂದ ಹೊರಚಾಚಿ ನಮ್ಮನ್ನು ನೋಡುತ್ತಿದ್ದವು. ನನ್ನ ಮನಸ್ಸಾದರೋ ವರ್ಷದ ಲೆಕ್ಕದಲ್ಲಿ ತೊಡಗಿತ್ತು. ರನ್ನನು ಅಜಿತಪುರಾಣವನ್ನು ಮುಗಿಸಿದುದು 993ರಲ್ಲಿ. ಅದನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು. ಅದೇ ಕಾಲದಲ್ಲಿ ಇಲ್ಲಿ, ಗುಗೆ ರಾಜ್ಯದ ಯೇಶೆ ಓ ಎಂಬ ಅರಸನ ಆಶ್ರಯದಲ್ಲಿ, ರಿಂಚೆನ್ ಜಂಗ್ಪೋ ಸಂಸ್ಕೃತ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಿರುಗಿಸುತ್ತಿದ್ದನು. ಎರಡೂ ಕಡೆ ದಾನಿಗಳಿದ್ದರು, ಲಿಪಿಕಾರರಿದ್ದರು.

ನಾಲ್ಕನೆಯ ದಿನ ಒಬ್ಬ ವೃದ್ಧ ಭಿಕ್ಷುಗಳ ಕೋಣೆಗೆ ಶಿಷ್ಯನು ನನ್ನನ್ನು ಕರೆದೊಯ್ದನು. ಹೊಸ್ತಿಲಲ್ಲಿಯೇ ಕಿವಿಗೆ ಬಿದ್ದ ಮಾತು: “ಬರ್ರಿ ಗುರುಗಳ, ಒಲಿ ಹತ್ರ ಕೂಡ್ರಿ. ಥಂಡಿ ಭಾಳ ಐತಿ.” ನಾನು ಬೆರಗಾದೆ. ನಮ್ಮ ಮುಂಡಗೋಡದ ಟಿಬೆಟನ್ ಮಠದಲ್ಲಿ ಅವರು ಹದಿನೆಂಟು ವರ್ಷ ಓದಿದವರಂತೆ. ಸಂತೆಯಲ್ಲಿ ಕಲಿತ ಕನ್ನಡ ಅವರನ್ನು ಬಿಟ್ಟಿರಲಿಲ್ಲ.

ಅವರು ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ಹಾಳೆಗಳ ಪೋಥಿಯೊಂದನ್ನು ಬಿಚ್ಚಿದರು. ಅದು ‘ಕಾವ್ಯದ ಕನ್ನಡಿ’, ಅಂದರೆ ದಂಡಿಯ ಕಾವ್ಯಾದರ್ಶ! 13ನೆಯ ಶತಮಾನದಲ್ಲಿ ಶೋಂಗ್‌ತೋನ್ ಎಂಬ ವಿದ್ವಾಂಸನು ಲಕ್ಷ್ಮೀಕರನೆಂಬ ಭಾರತೀಯ ಪಂಡಿತನ ನೆರವಿನಿಂದ ಅದನ್ನು ಟಿಬೆಟನ್ನಿಗೆ ತಂದನು. ಅವನಿಗೆ ನಾಲ್ಕು ಶತಮಾನ ಮೊದಲೇ ನಮ್ಮ ಕವಿರಾಜಮಾರ್ಗವು ಅದೇ ದಂಡಿಯನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿತ್ತು. ಮೂವತ್ತು ವರ್ಷಗಳಿಂದ ನಾನು ಪಾಠ ಹೇಳುತ್ತ ಬಂದ ಗ್ರಂಥದ ದಾಯಾದಿಯನ್ನು ಹಿಮದ ನಡುವೆ ಕಂಡಂತಾಯಿತು.

ಆಮೇಲಿನ ದಿನಗಳು ಹೇಗೆ ಸರಿದವೋ ಕಾಣೆ. ಮೂವತ್ತೈದು ಅರ್ಥಾಲಂಕಾರಗಳನ್ನು ಒಂದೊಂದಾಗಿ ಹಿಡಿದೆವು. ನಾನು ಸಂಸ್ಕೃತ ಲಕ್ಷಣವನ್ನೂ ಕನ್ನಡ ಪದ್ಯವನ್ನೂ ಹೇಳುವುದು, ಅವರು ಟಿಬೆಟನ್ ಪಾಠವನ್ನು ಓದುವುದು. ರೂಪಕಕ್ಕೆ ಅವರ ಹೆಸರು ‘ರೂಪವುಳ್ಳದ್ದು’, ದೀಪಕಕ್ಕೆ ‘ಬೆಳಗಿಸುವುದು’. ಇಂತಹ ಭಾಷಾಂತರವನ್ನು ಕಂಡರೆ ಇಂದಿನ ನಮ್ಮ ಕೆಲವು ಪರಿಭಾಷಾಕೋಶಕಾರರು ನಾಚಬೇಕು. ತಾವರೆ, ದುಂಬಿ, ಆನೆ, ಕಡಲು ಎಲ್ಲವೂ ಅಲ್ಲಿದ್ದವು. ಈ ಹಿಮದಲ್ಲಿ ಹುಟ್ಟಿದ ಮಕ್ಕಳಿಗೆ ಕಡಲನ್ನು ಹೇಗೆ ತಿಳಿಸುತ್ತೀರೆಂದು ಕೇಳಿದೆ. “ಕಾರವಾರಕ್ಕ ಹೋಗಿ ನೋಡೇನ್ರಿ. ಅದನ್ನ ಹೇಳತೇನಿ” ಎಂದರು. ಹಿಮವಂತನ ವರ್ಣನೆಯನ್ನು ಹಿಮ ಕಾಣದ ನಮ್ಮ ಹುಡುಗರಿಗೆ ನಾನು ಇಷ್ಟು ವರ್ಷ ಬೋಧಿಸಿದುದು ನೆನಪಾಗಿ ಇಬ್ಬರೂ ನಕ್ಕೆವು.

ಆದರೆ ಒಂದು ಸಂಜೆ ಅವರು ನಗಲಿಲ್ಲ. ಓದಲೆಂದು ಹೊರಗೆ ಹೋದ ಹುಡುಗರಲ್ಲಿ ಮರಳುವವರು ಕಡಮೆ. ಮರಳಿದವರಲ್ಲಿಯೂ ಕಾವ್ಯ ಬೇಕೆನ್ನುವವರು ಇನ್ನೂ ಕಡಮೆ. ಆ ಚಳಿಗಾಲ ಅವರ ಒಲೆಯ ಬಳಿ ಕನ್ನಡಿಯನ್ನು ಓದಲು ಕುಳಿತವರು ಇಬ್ಬರೇ. ಕಣ್ಣಿನ ಪೊರೆ ಬೆಳೆಯುತ್ತಿದ್ದುದರಿಂದ ಅವರು ಆ ಇಬ್ಬರಿಗೆ ಅವಸರದಿಂದ ಪಾಠ ಒಪ್ಪಿಸುತ್ತಿದ್ದರು. ಸಂಜೆ ನನ್ನ ಮನೆಗೆ ಹಳಗನ್ನಡ ಕಲಿಯಲು ಬರುವವನು ಒಬ್ಬನೇ ಎಂದು ನಾನು ಹೇಳಿದೆ. ಅವರು ಉತ್ತರ ಕೊಡದೆ ಒಲೆಗೆ ಇನ್ನೊಂದು ಬೆರಣಿ ಹಾಕಿದರು.

ಹೊರಡುವ ದಿನ ಆ ಇಬ್ಬರಲ್ಲಿ ಕಿರಿಯನು, ದೀಪಕದ ಕನ್ನಡ ಪದ್ಯವನ್ನು ಬರೆದುಕೊಡಬೇಕೆಂದು ಕೇಳಿದನು. ಚಳಿಗೆ ಪೆನ್ನಿನ ಮಸಿ ಇಳಿಯಲಿಲ್ಲ. ಸೀಸದಕಡ್ಡಿಯಿಂದ ಬರೆದು, ಒಂದೊಂದು ಅಕ್ಷರವನ್ನೂ ಓದಿ ಹೇಳಿದೆ. ಅವನು ಎರಡು ಸಲ ಒಪ್ಪಿಸಿದ ಮೇಲೆ ಭಿಕ್ಷುಗಳು ಆ ಕಾಗದವನ್ನು ದೀಪಕ ಬರುವ ಹಾಳೆಗಳ ನಡುವೆ ಇಟ್ಟು, ಪೋಥಿಗೆ ಹಳದಿ ಬಟ್ಟೆಯನ್ನು ಸುತ್ತಿದರು.